ಮಿಸೈಲ್ ನೋಡಿ ಚಪ್ಪಾಳೆ ತಟ್ಟಿದ ಗ್ರೂಪಲ್ಲಿ ಅಕ್ಕನೂ ಇದ್ದಳು

ನಮ್ಮ ಮನೆ ಇರುವುದು ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ರೋಡಲ್ಲಿ, ಸ್ವಲ್ಪ ಒಳಗೆ. ಇಲ್ಲಿ ಯಾರೂ ಹೊರದೇಶಕ್ಕೆ ಹೋಗದ ಮನೆ ಹುಡುಕಿದ್ರೂ ಸಿಗುವುದು ಕಷ್ಟ. ಚಿಕ್ಕಪ್ಪ ಕುವೈಟಲ್ಲಿ ಇದ್ದವರು, ಅವರ ಅಳಿಯ ಅಂದ್ರೆ ನಮ್ಮ ಭಾವ ಈಗ ದೋಹಾದಲ್ಲಿ ಒಂದು ಗೋಡೌನಲ್ಲಿ ಕೆಲಸ, ಆಚೆ ಮನೆ ಬಾಯಮ್ಮನ ಮಗಳು ಇಸ್ರೇಲಲ್ಲಿ ಒಂದು ಅಜ್ಜಿಯನ್ನು ನೋಡಿಕೊಳ್ಳುವ ಹೋಮ್ ನರ್ಸ್. ಹೀಗಾಗಿ 2025ರ ಜೂನಲ್ಲಿ ಇಸ್ರೇಲ್ ಇರಾನ್ ಗಲಾಟೆ ಶುರುವಾದಾಗ ನಮ್ಮ ಬೇಲಿಯ ಈಚೆ ಒಂದು ಹೆದರಿಕೆ, ಆಚೆ ಒಂದು ಹೆದರಿಕೆ, ನಡುವೆ ಒಂದು ಹಲಸಿನ ಮರ.

ಜೂನ್ 13ಕ್ಕೆ ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತಲ್ಲ, ಆವತ್ತಿಂದ ಬಾಯಮ್ಮನಿಗೆ ನಿದ್ದೆ ಇಲ್ಲ. ಮಗಳು ಫೋನಲ್ಲಿ ಹೇಳುವುದು ಇಷ್ಟೇ, ಸೈರನ್ ಆದ ಕೂಡ್ಲೇ ಅಜ್ಜಿಯನ್ನು ಹಾಸಿಗೆಯಿಂದ ಎತ್ತಿ ವೀಲ್‌ಚೇರಲ್ಲಿ ಕೂರಿಸಿ ಸೇಫ್ ರೂಮಿಗೆ ತಳ್ಳಿಕೊಂಡು ಹೋಗ್ಬೇಕು, ರಾತ್ರಿಗೆ ಎಷ್ಟು ಸಲ ಅಂತ ಇಲ್ಲ. ನೀನಾದ್ರೂ ಮೊದ್ಲು ಓಡು ಅಂತ ಬಾಯಮ್ಮ ಹೇಳಿದ್ರೆ, "ಅಜ್ಜಿಯನ್ನು ಬಿಟ್ಟು ಹೇಗೆ ಓಡುವುದು ಮಮ್ಮಿ, ಅದಕ್ಕೆ ಎದ್ದು ಕೂರ್ಲಿಕ್ಕೂ ಆಗುದಿಲ್ಲ" ಅಂತ. ವಾಪಸ್ ಬರ್ಲಿಕ್ಕೂ ಆಗುದಿಲ್ಲ, ಏಜೆಂಟಿಗೆ ಕೊಟ್ಟ ದುಡ್ಡಿನ ಸಾಲ ಸೊಸೈಟಿಯಲ್ಲಿ ಇನ್ನೂ ಬಾಕಿ ಉಂಟು.

ಜೂನ್ 23, ಸೋಮವಾರ ರಾತ್ರಿ. ಮಳೆ ಅಂದ್ರೆ ಮಳೆ, ಕರೆಂಟ್ ಹೋಗಿ ಬಂದು ಹೋಗಿ ಬಂದು ಆಗ್ತಿತ್ತು. ಹತ್ತು ಗಂಟೆ ಸುಮಾರಿಗೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಟಣ್ ಟಣ್ ಅಂತ ಶುರುವಾಯ್ತು. ಹಿಂದಿನ ದಿನ ಅಮೆರಿಕ ಇರಾನಿನ ಫೋರ್ಡೋ, ನತಾಂಜ್, ಇಸ್ಫಹಾನ್ ಅಣು ಘಟಕಗಳ ಮೇಲೆ ಬಾಂಬ್ ಹಾಕಿತ್ತು, ಅದಕ್ಕೆ ಉತ್ತರ ಅಂತ ಇರಾನ್ ಕತಾರಿನ ಅಲ್ ಉದೈದ್ ಮಿಲಿಟರಿ ಬೇಸ್ ಮೇಲೆ ಮಿಸೈಲ್ ಬಿಟ್ಟದ್ದು. ಅಮೆರಿಕದವರ ಆ ಬೇಸ್ ದೋಹಾ ಸಿಟಿಯಿಂದ ಬಹಳ ದೂರ ಏನೂ ಇಲ್ಲ. ಆಕಾಶದಲ್ಲಿ ಬೆಂಕಿ ಉಂಡೆ ಹೋಗುವ, ಮೇಲೆಯೇ ಒಡೆಯುವ ವಿಡಿಯೋ ಒಂದರ ಹಿಂದೆ ಒಂದು ಬಂತು. ಒಬ್ಬ ಬೆಂಗಳೂರಿಂದ ಹಾಕ್ತಾನೆ, "ಸೂಪರ್, ಈಗ ಮಜಾ ಬಂತು ನೋಡಿ". ಮತ್ತೊಬ್ಬ "ಹಾಕ್ಲಿ ಹಾಕ್ಲಿ, ಗಲ್ಫಿನವರಿಗೂ ಬಿಸಿ ಮುಟ್ಲಿ" ಅಂತ. ಕೆಳಗೆ ಚಪ್ಪಾಳೆ, ಬೆಂಕಿ, ನಗುವ ಮುಖ. ಮಿಸೈಲಿನ ಹೆಸರು ಎಂತ, ರೇಂಜ್ ಎಷ್ಟು, ತಡೆದದ್ದು ಯಾರದ್ದು ಸಿಸ್ಟಮ್ ಅಂತ ದೊಡ್ಡ ಚರ್ಚೆ. ಐಪಿಎಲ್ ಮುಗ್ದು ಮೂರು ವಾರ ಆಗಿತ್ತು, ಜನಕ್ಕೆ ನೋಡ್ಲಿಕ್ಕೆ ಏನೂ ಇರ್ಲಿಲ್ಲ ಅಂತ ಕಾಣ್ತದೆ.

ಆ ಗ್ರೂಪಲ್ಲಿ ಅಕ್ಕನೂ ಇದ್ದಾಳೆ. ಚಿಕ್ಕಪ್ಪನ ಮಗಳು, ಭಾವನ ಹೆಂಡತಿ. ಭಾವ ದೋಹಾದಲ್ಲಿ ಇರುವುದು ಎಲ್ಲರಿಗೂ ಗೊತ್ತು, ಹೋದ ಬೇಸಿಗೆಯಲ್ಲಿ ಅವರು ತಂದ ಖರ್ಜೂರ ಎಲ್ಲರೂ ತಿಂದದ್ದೇ. ಆದ್ರೆ ಒಬ್ಬರಾದ್ರೂ ಅವರು ಹೇಗಿದ್ದಾರೆ ಅಂತ ಕೇಳಿದ್ರಾ ಅಂದ್ರೆ ಇಲ್ಲ. ನಾನು ಮತ್ತು ಅಮ್ಮ ಛತ್ರಿ ಹಿಡ್ಕೊಂಡು ಚಿಕ್ಕಪ್ಪನ ಮನೆಗೆ ಹೋದ್ವಿ, ಎರಡು ಗದ್ದೆ ದಾಟಿದ್ರೆ ಆಯ್ತು. ಅಕ್ಕ ಚಾವಡಿಯಲ್ಲಿ ಫೋನ್ ಹಿಡಿದು ನಿಂತಿದ್ದಳು. ರಿಂಗ್ ಆಗ್ತದೆ, ಎತ್ತುವುದಿಲ್ಲ. ರಿಂಗ್ ಆಗುವುದು ಒಳ್ಳೆಯದೋ ಕೆಟ್ಟದೋ ಅಂತ ಅವಳಿಗೂ ಗೊತ್ತಾಗ್ತಿಲ್ಲ. ಕತಾರ್ ವಿಮಾನ ಹಾರುವ ದಾರಿ ಬಂದ್ ಮಾಡಿದೆ, ಏರ್ ಇಂಡಿಯಾ ಆ ಕಡೆಯ ಎಲ್ಲಾ ಫ್ಲೈಟ್ ನಿಲ್ಲಿಸಿದೆ ಅಂತ ಟಿವಿಯಲ್ಲಿ ಕೆಂಪು ಪಟ್ಟಿ ಓಡ್ತಿತ್ತು, ಚಿಕ್ಕಪ್ಪ ಎದ್ದು ಹೋಗಿ ಟಿವಿ ಆಫ್ ಮಾಡಿದ್ರು, ಯಾರೂ ಬೇಡ ಅನ್ಲಿಲ್ಲ.

ಹನ್ನೆರಡು ದಾಟಿದ ಮೇಲೆ ಭಾವನ ಫೋನ್. ಶಿಫ್ಟಲ್ಲಿ ಮೊಬೈಲ್ ಲಾಕರಲ್ಲಿ ಇಡ್ಬೇಕಂತೆ. "ಎಂತ ಇಲ್ಲ ಮಾರಾಯ್ತಿ, ದೊಡ್ಡ ಶಬ್ದ ಆಯ್ತು, ಶಟರ್ ಅದುರಿತು, ಆಮೇಲೆ ಲೋಡಿಂಗ್ ಮುಂದುವರಿಸಿದ್ವಿ. ಮಕ್ಕಳು ಮಲಗಿದ್ವಾ?" ಅಂತ ಕೇಳಿದ್ರು. ಅಕ್ಕ ಬೈದಳು, ಅತ್ತಳು, ಮತ್ತೆ ಬೈದಳು. ಭಾವನ ಸೂಪರ್‌ವೈಸರ್ ಗಾಜಾದವನಂತೆ, ಅಣ್ಣ ತಮ್ಮಂದಿರು ಅಲ್ಲೇ ಡೇರೆಯಲ್ಲಿ ಇರುವುದಂತೆ. ಶಬ್ದ ಆದಾಗ ಉಳಿದವರೆಲ್ಲ ಹೊರಗೆ ಓಡಿ ವಿಡಿಯೋ ಮಾಡ್ತಿದ್ರೆ ಆ ಮನುಷ್ಯ ಒಳಗೇ ಬಿಲ್ ಲೆಕ್ಕ ಹಾಕ್ತಾ ಕೂತಿದ್ದ ಅಂತ ಭಾವ ಹೇಳಿದ್ರು. ಅಲ್ ಉದೈದಲ್ಲಿ ಯಾರೂ ಸಾಯ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು.

ನಂಗೆ ಸಿಟ್ಟು ಬಂದದ್ದು ಗ್ರೂಪಿನವರು ಸಿಟ್ಟು ಮಾಡಿದ್ದಕ್ಕಲ್ಲ. ಸಿಟ್ಟು ಬರ್ಲೇಬೇಕು. 2023ರ ಅಕ್ಟೋಬರ್ 7ಕ್ಕೆ ಹಮಾಸ್‌ನವರು ಇಸ್ರೇಲಿಗೆ ನುಗ್ಗಿ ಒಂದೇ ದಿನದಲ್ಲಿ ಸುಮಾರು 1,200 ಜನರನ್ನು ಕೊಂದ್ರು, ಮುದುಕರು ಮಕ್ಕಳು ಅಂತ ನೋಡದೆ ಒತ್ತೆ ಹಿಡಿದು ಎಳ್ಕೊಂಡು ಹೋದ್ರು, ಅದಕ್ಕೆ ಸಿಟ್ಟು ಬಾರದಿದ್ರೆ ಹೇಗೆ. ಆಮೇಲೆ ಗಾಜಾದಲ್ಲಿ ಸತ್ತವರ ಲೆಕ್ಕ ಅಲ್ಲಿಯ ಆರೋಗ್ಯ ಇಲಾಖೆ ಹೇಳುವ ಪ್ರಕಾರ ಆ ಜೂನ್ ಹೊತ್ತಿಗೆ 55,000 ದಾಟಿತ್ತು, ಹಿಟ್ಟಿನ ಚೀಲಕ್ಕೆ ಅಂತ ಹೋದವರೂ ಗುಂಡಿಗೆ ಸಿಕ್ಕಿ ಸಾಯ್ತಿದ್ರು, ಅದಕ್ಕೂ ಬರ್ಬೇಕು. ನಮ್ಮ ಗ್ರೂಪಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡೆಯ ಮಕ್ಕಳು ಮಾತ್ರ ಕಾಣುವುದು. ಒಬ್ಬ ಒಂದು ಕಡೆಯ ಸತ್ತ ಮಗುವಿನ ಫೋಟೋ ಹಾಕ್ತಾನೆ, ಇನ್ನೊಬ್ಬ ಅದು ಎಐ ಅಂತಾನೆ. ಇವನು ಹಾಕಿದ್ದಕ್ಕೆ ಅವನು ಹಳೇ ಫೋಟೋ ಅಂತಾನೆ. ಅದೇ ಸೋಮವಾರ ಮಧ್ಯಾಹ್ನ ತೆಹ್ರಾನಿನ ಎವಿನ್ ಜೈಲಿನ ಮೇಲೆ ಇಸ್ರೇಲ್ ಬಾಂಬ್ ಹಾಕಿ ಕೈದಿಗಳು, ಕೈದಿಗಳನ್ನು ನೋಡ್ಲಿಕ್ಕೆ ಬಂದ ಮನೆಯವರು, ಅಲ್ಲಿಯ ನೌಕರರು ಸತ್ತದ್ದು, ಮರುದಿನ ಬೆಳಿಗ್ಗೆ ಕದನವಿರಾಮದ ಮಾತಾಗ್ತಿರುವಾಗಲೇ ಇಸ್ರೇಲಿನ ಬೀರ್‌ಶೇಬಾದಲ್ಲಿ ಇರಾನ್ ಮಿಸೈಲ್ ಬಿದ್ದು ಮನೆಯೊಳಗೇ ನಾಲ್ಕು ಜನ ಸತ್ತದ್ದು, ಇದು ಎರಡೂ ನಮ್ಮ ಗ್ರೂಪಿಗೆ ಬರ್ಲೇ ಇಲ್ಲ. ಆಕಾಶದ ವಿಡಿಯೋ ಚಂದ ಇತ್ತಲ್ಲ, ಅದೇ ಸಾಕಾಯ್ತು.

ಮಂಗಳವಾರ ನಾನು ರಜೆ ಹಾಕಿ ಚಿಕ್ಕಪ್ಪನ ಮನೆಯಲ್ಲೇ ಕೂತೆ. ಜೂನ್ ಜುಲೈ ಮೀನುಗಾರಿಕೆ ಬಂದ್ ಅಲ್ವಾ, ಗಂಜಿಗೆ ಒಣಮೀನಿನ ಚಟ್ನಿ ಇತ್ತು. ಚಿಕ್ಕಪ್ಪ ಕುವೈಟಿನ ಕಥೆ ಸುಮ್ನೆ ಹೇಳುವ ಜನ ಅಲ್ಲ. ಆವತ್ತು ಅಕ್ಕ ಅವಳ ಗೋಳು ಹೇಳ್ಕೊಳ್ತಾ ಇರುವಾಗ ಅವರಷ್ಟಕ್ಕೆ ಅವರೇ ಶುರು ಮಾಡಿದ್ರು.

1990ರ ಆಗಸ್ಟ್ 2, ಗುರುವಾರ, ಇರಾಕ್ ಕುವೈಟಿಗೆ ನುಗ್ಗಿದ ದಿನ. ಇವರು ಸಾಲ್ಮಿಯಾದಲ್ಲಿ ಒಂದು ಕ್ಯಾಂಟೀನಲ್ಲಿ ಅಡುಗೆಗೆ ಇದ್ದದ್ದು. ಬೆಳಿಗ್ಗೆ ಹಿಟ್ಟು ಕಲಸ್ಲಿಕ್ಕೆ ಎದ್ದಾಗ ರೋಡಲ್ಲಿ ಟ್ಯಾಂಕ್. ಓನರ್ ಓಡಿಹೋಗಿದ್ದ, ಬ್ಯಾಂಕಲ್ಲಿ ಇದ್ದ ದುಡ್ಡು ಅಲ್ಲೇ, ಕೈಯಲ್ಲಿ ಇದ್ದ ದಿನಾರ್ ಕೆಲವೇ ದಿನದಲ್ಲಿ ಬರೀ ಕಾಗದ. ಮೊದ್ಲ ವಾರ ಕ್ಯಾಂಟೀನಲ್ಲಿ ಉಳಿದ ಅಕ್ಕಿ ಬೇಯಿಸಿ ಬಿಲ್ಡಿಂಗಿನವರಿಗೆಲ್ಲ ಹಾಕಿದ್ರಂತೆ, ಮಲಯಾಳಿ, ಫಿಲಿಪಿನೋ, ಈಜಿಪ್ಟಿನವ, ಎಲ್ಲರಿಗೂ. ಚೆಕ್‌ಪೋಸ್ಟಲ್ಲಿ ಒಬ್ಬ ಇರಾಕಿ ಸಿಪಾಯಿ ಇವರ ಕೈಯ ವಾಚ್ ಬಿಚ್ಚಿಸಿಕೊಂಡ, ಮದುವೆಗೆ ಅಂತ ತೆಗೆದಿಟ್ಟದ್ದು. ಊರಲ್ಲಿ ಅಜ್ಜಿಗೆ ಎಂತ ಸುದ್ದಿಯೂ ಇಲ್ಲ. ಫೋನ್ ಇಲ್ಲ, ಕಾಗದ ಇಲ್ಲ, ಪ್ರದೇಶ ಸಮಾಚಾರದ ಹೊತ್ತಿಗೆ ರೇಡಿಯೋ ಇದ್ದ ಮನೆಯ ಅಂಗಳದಲ್ಲಿ ಹತ್ತಾರು ಜನ ಬಂದು ನಿಲ್ತಿದ್ರಂತೆ, ಮಗನ ಹೆಸರು ಹೇಳ್ತಾರಾ ಅಂತ.

ಅಲ್ಲಿಂದ ಬಸ್ಸಲ್ಲಿ ಇರಾಕಿನ ಬಸ್ರಾ, ಬಾಗ್ದಾದ್, ಆಮೇಲೆ ಜೋರ್ಡಾನ್ ಗಡಿ. ಗಡಿಯಲ್ಲಿ ಮರುಭೂಮಿ, ಡೇರೆ, ನೀರಿನ ಟ್ಯಾಂಕರ್ ಬಂದಾಗ ಹೊಡೆದಾಟ. "ಹಸಿವಿಗೆ ಜಾತಿ ಇರ್ಲಿಲ್ಲ, ನೀರಿಗೆ ಮಾತ್ರ ಇತ್ತು, ಗಟ್ಟಿ ಇದ್ದವನದ್ದು" ಅಂದ್ರು. ಬಸ್ರಾ ದಾಟಿ ಒಂದು ಕಡೆ ಬಸ್ ಹಾಳಾಗಿ ನಿಂತಾಗ, ರೋಡ್ ಪಕ್ಕದ ಮಣ್ಣಿನ ಮನೆಯಿಂದ ಒಂದು ಹೆಂಗಸು ಬಂದು ಒಂದು ಬುಟ್ಟಿ ರೊಟ್ಟಿ, ಟೊಮೆಟೊ ಬಸ್ಸೊಳಗೆ ಕೊಟ್ಟು ಹೋದಳಂತೆ. ಆಕೆಯ ಮಗನೂ ಮಿಲಿಟರಿಯಲ್ಲಿ ಇದ್ದ ಅಂತ ಅರೇಬಿಕ್ ಬರುವವನೊಬ್ಬ ಹೇಳಿದ್ನಂತೆ. "ನನ್ನ ವಾಚ್ ತೆಗೆದವ ಅವಳ ಮಗನೇ ಆಗಿರ್ಲಿಕ್ಕೂ ಸಾಕು" ಅಂತ ಚಿಕ್ಕಪ್ಪ ನಕ್ರು. ಜೋರ್ಡಾನಿನ ಅಮ್ಮಾನಿಂದ ಏರ್ ಇಂಡಿಯಾ ವಿಮಾನ, 488 ಫ್ಲೈಟಲ್ಲಿ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನರನ್ನು ತಂದ್ರಲ್ಲ, ಅದರಲ್ಲಿ ಇವರೂ ಒಬ್ಬರು. ಬಾಂಬೆಗೆ ಇಳಿದು, ಆಗ ಕೊಂಕಣ ರೈಲು ಎಲ್ಲಿಂದ, ಪುಕ್ಕಟೆ ಕೂರಿಸಿದ ಒಂದು ಬಸ್ಸಲ್ಲಿ ಊರಿಗೆ. ಅಜ್ಜಿಗೆ ಮೊದ್ಲು ಗುರುತು ಸಿಗ್ಲಿಲ್ಲವಂತೆ.

1991ರ ಜನವರಿಯಲ್ಲಿ ಅಮೆರಿಕ ಇರಾಕಿನ ಮೇಲೆ ಬಾಂಬ್ ಹಾಕ್ಲಿಕ್ಕೆ ಶುರು ಮಾಡಿದಾಗ ಊರಿನ ಹೋಟೆಲಲ್ಲಿ ಎರಡು ಪಾರ್ಟಿ, ಇರಾಕ್ ಆಳ್ತಿದ್ದ ಸದ್ದಾಂ ಹುಸೇನ್ ಗಂಡಸು ಅನ್ನುವವರು, ಸದ್ದಾಮನನ್ನು ಸುಡ್ಬೇಕು ಅನ್ನುವವರು. ಇವರನ್ನು ಕೂರಿಸಿ ಚಾ ಕೊಟ್ಟು "ನೀನು ಹೇಳು ಮಾರಾಯ, ನೀನು ನೋಡಿದವ" ಅಂತ ಕೇಳ್ತಿದ್ರಂತೆ. ಫೆಬ್ರವರಿ 13ಕ್ಕೆ ಬಾಗ್ದಾದಿನ ಅಮಿರಿಯಾ ಶೆಲ್ಟರಿನ ಮೇಲೆ ಬಾಂಬ್ ಬಿದ್ದು ನಾನೂರಕ್ಕಿಂತ ಜಾಸ್ತಿ ಜನ ಸುಟ್ಟುಹೋದ್ರು, ಹೆಚ್ಚಿನವರು ಹೆಂಗಸರು ಮಕ್ಕಳು. ಆವತ್ತಿಂದ ಇವರು ಆ ಹೋಟೆಲಿಗೆ ಹೋಗುವುದು ಬಿಟ್ರು.

ನಂಗೆ ಗೊತ್ತಿಲ್ಲದ ಸಂಗತಿ ಇದರ ನಂತರದ್ದು. ಕುವೈಟ್ ಬಿಟ್ಟು ಬಂದವರಿಗೆ ವಿಶ್ವಸಂಸ್ಥೆಯವರು ಪರಿಹಾರ ಕೊಟ್ಟಿದ್ರು, ಅರ್ಜಿ ತುಂಬಿಸಿ ದೆಹಲಿಗೆ ಕಳಿಸ್ಬೇಕಿತ್ತು, ಒಬ್ಬನಿಗೆ 2,500 ಡಾಲರ್, ಬೇರೆ ಕ್ಲೇಮ್ ಮಾಡುದಿಲ್ಲ ಅಂತ ಒಪ್ಪಿದ್ರೆ 4,000. ವರ್ಷಗಟ್ಟಲೆ ಕಾದ ಮೇಲೆ ಕಂತಲ್ಲಿ ಬಂತು. ಈಗ ನಾವು ಕೂತ ಚಾವಡಿಯ ಹೆಂಚು ತೆಗೆದು ಸ್ಲ್ಯಾಬ್ ಹಾಕಿದ್ದು ಅದರಲ್ಲೇ. ಆ ದುಡ್ಡು ಎಲ್ಲಿಂದ ಬಂದದ್ದು ಗೊತ್ತುಂಟಾ ಅಂತ ಕೇಳಿದ್ರು. ಇರಾಕಿನ ಎಣ್ಣೆ ಮಾರಿದ ದುಡ್ಡಿಂದ, ಮೊದ್ಲಿಗೆ ನೂರಕ್ಕೆ 30 ರೂಪಾಯಿಯಂತೆ ಇದಕ್ಕೇ ಹಿಡಿದಿಡ್ತಿದ್ರು. ಆಗ ಆ ದೇಶದ ಮೇಲೆ ನಿರ್ಬಂಧ, ಆಸ್ಪತ್ರೆಯಲ್ಲಿ ಮದ್ದು ಸಿಗುದಿಲ್ಲ, ಮಕ್ಕಳಿಗೆ ಹಾಲಿನ ಪುಡಿ ಇಲ್ಲ. ಸದ್ದಾಮನ ಅರಮನೆಗೆ ಎಂತದೂ ಕಮ್ಮಿ ಆಗ್ಲಿಲ್ಲ. ಕಂಪನಿಗಳಿಗೆ, ಸರ್ಕಾರಗಳಿಗೆ ಕೊಡುವುದೂ ಸೇರಿ ಕೊನೆಯ ಕಂತು ಕಟ್ಟಿದ್ದು 2022ರಲ್ಲಿ, ಒಟ್ಟು 52.4 ಬಿಲಿಯನ್ ಡಾಲರ್. ಸದ್ದಾಂ ಸತ್ತು ಹದಿನೈದು ವರ್ಷ ಆಗಿತ್ತು, ಆಗಲೂ ಕಟ್ತಾ ಇದ್ದದ್ದು ಆ ದೇಶದ ಜನ.

"ರೊಟ್ಟಿ ಕೊಟ್ಟದ್ದೂ ಅವಳೇ, ನನ್ನ ಸ್ಲ್ಯಾಬಿಗೆ ಕೊಟ್ಟದ್ದೂ ಅವಳೇ," ಅಂದ್ರು ಚಿಕ್ಕಪ್ಪ. "ನನ್ನ ದುಡ್ಡು ಹೋದದ್ದು ಹೌದು, ನಂಗೆ ಬರ್ಬೇಕಾದದ್ದೇ. ಬೇಡ ಅನ್ಲಿಕ್ಕೆ ನಾನೆಂತ ಸಾಹುಕಾರನಾ? ಆದ್ರೆ ಅದು ವಾಚ್ ತೆಗೆದವನ ಕಿಸೆಯಿಂದ ಬಂದದ್ದಲ್ಲ." ಅಕ್ಕ ಮೇಲೆ ಸ್ಲ್ಯಾಬ್ ನೋಡಿದಳು. ಅಷ್ಟರಲ್ಲಿ ಬಾಯಮ್ಮ ಹಿಂದಿನ ಬಾಗಿಲಿಂದ ಬಂದು, ಕದನವಿರಾಮ ಆಯ್ತಂತೆ, ಮಗಳು ರಾತ್ರಿ ಮಲಗಿದ್ದೇನೆ ಅಂತ ಮೆಸೇಜ್ ಹಾಕಿದ್ದಾಳೆ ಅಂತ ಹೇಳಿ ಒಂದು ಪ್ಲೇಟ್ ಹಲಸಿನಹಣ್ಣು ಇಟ್ಟು ಹೋದ್ರು.

ಸಂಜೆ ನಾನು ಆ "ಹಾಕ್ಲಿ ಹಾಕ್ಲಿ" ಅಂದವನಿಗೆ ಫೋನ್ ಮಾಡಿದೆ. ಅವನು ನಮ್ಮ ಸೋದರಮಾವನ ಮಗ, ನನಗಿಂತ ಚಿಕ್ಕವ. ನಿನ್ನೆ ಭಾವ ಫೋನ್ ಎತ್ತದೆ ಅಕ್ಕ ಹೇಗೆ ನಿಂತಿದ್ದಳು ಅಂತ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. "ಅಯ್ಯೋ ಅಣ್ಣಾ, ಅದು ಫಾರ್ವರ್ಡ್ ಅಲ್ವಾ, ನಾನು ಬರೆದದ್ದಲ್ಲ" ಅಂದ. ಕೆಳಗಿನ ಲೈನ್ ಬರೆದದ್ದು ನೀನೇ ಅಲ್ವಾ ಅಂದೆ. ಅದಕ್ಕೆ ಸುಮ್ಮನಾದ. ಆಮೇಲೆ, ಇನ್ನೇನು ಫೋನ್ ಇಡ್ಬೇಕು ಅನ್ನುವಾಗ, "ಅಣ್ಣಾ, ಭಾವನ ಹತ್ರ ಒಂದು ಮಾತು ಕೇಳ್ತೀರಾ, ಅವರ ಕಂಪನಿಯಲ್ಲಿ ವೇಕೆನ್ಸಿ ಉಂಟಾ ಅಂತ, ಬೆಂಗಳೂರಲ್ಲಿ ಈ ಸಂಬಳಕ್ಕೆ ಆಗುದಿಲ್ಲ" ಅಂದ.

ಕೇಳಿದೆ. ಆಗಸ್ಟ್ ಮೇಲೆ ನೋಡುವ, ಬಯೋಡಾಟಾ ಕಳಿಸ್ಲಿಕ್ಕೆ ಹೇಳು ಅಂದ್ರು ಭಾವ.