ಪಹಣಿಯಲ್ಲಿ ರಾಮ್ಸೆಸ್ ಹೆಸರು

ಹನ್ನೊಂದು ವರ್ಷದಿಂದ ಟೂರ್ ಮ್ಯಾನೇಜರ್ ಕೆಲಸ ನನ್ನದು. ಈಜಿಪ್ಟಿಗೆ ಬರುವ ನಮ್ಮ ಗುಂಪುಗಳಲ್ಲಿ ಹೆಚ್ಚಿನವರು ನಿವೃತ್ತರು. ಅಲ್ಲಿನ ದೇವಾಲಯ, ಮ್ಯೂಸಿಯಂಗಳಲ್ಲಿ ವಿವರಣೆ ಕೊಡುವವರು ಪರವಾನಗಿ ಪಡೆದ ಆ ದೇಶದ ಗೈಡುಗಳೇ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವುದು ನನ್ನ ಪಾಲು. ಪಾಸ್‌ಪೋರ್ಟ್ ಎಣಿಸುವುದು, ಉಪ್ಪಿನಕಾಯಿ ಡಬ್ಬಿ ಹೊರುವುದು ಕೂಡ ನನ್ನದೇ. ಅದು ಬೇರೆ ಮಾತು.

ಎಡವಟ್ಟು ಆಗಿದ್ದು ಲಕ್ಸರ್ ದೇವಾಲಯದಲ್ಲಿ. ಹೆಬ್ಬಾಗಿಲ ಮುಂದೆ ಒಂದೇ ಒಂದು ಒಬೆಲಿಸ್ಕ್, ಅಂದರೆ ತುದಿ ಚೂಪಾದ ಎತ್ತರದ ಕಲ್ಲುಕಂಬ, ನಿಂತಿದೆ. ಅದರ ಜೋಡಿ 1836ರಿಂದ ಪ್ಯಾರಿಸ್ಸಿನ ಚೌಕದಲ್ಲಿದೆ. ಬಾಗಿಲು ದಾಟಿದರೆ ಪ್ರಾಚೀನ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ಕಟ್ಟಿಸಿದ ಅಂಗಳ. ಕಂಬಗಳ ನಡುನಡುವೆ ಎಡಗಾಲು ಮುಂದಿಟ್ಟು ನಿಂತ ದೊರೆಗಳು. ಗೈಡ್ ಒಂದು ಮೂರ್ತಿಯನ್ನು ತೋರಿಸಿ, "ಇದರ ಮೇಲೆ ಎರಡನೇ ರಾಮ್ಸೆಸ್‌ನ ಹೆಸರಿದೆ" ಅಂದರು. ನಾನು ಕನ್ನಡದಲ್ಲಿ ಹೇಳಿದ್ದು: "ಇದು ಎರಡನೇ ರಾಮ್ಸೆಸ್ ಮಾಡಿಸಿದ ಮೂರ್ತಿ." ಹಿಂದಿನ ಪ್ರವಾಸಗಳಲ್ಲೂ ಹಾಗೇ ಹೇಳುತ್ತಾ ಬಂದಿದ್ದೆ. ನನಗೆ ಎರಡೂ ಒಂದೇ ಆಗಿತ್ತು.

ಗುಂಪಿನಲ್ಲಿ ಹಾಸನದ ಕಡೆಯ ಹಿರಿಯರೊಬ್ಬರಿದ್ದರು. ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿದವರು. "ಅವ್ರು ಹೆಸರಿದೆ ಅಂದ್ರು, ನೀವು ಮಾಡಿಸ್ದ ಅಂತೀರಿ. ಪಹಣೀಲಿ ಹೆಸರಿದ್ದ ಮಾತ್ರಕ್ಕೆ ಜಮೀನು ಅವನೇ ಸಂಪಾದಿಸಿದ್ದು ಅಂತಾನಾ ಸ್ವಾಮಿ?"

ಎಲ್ಲರೂ ನಕ್ಕರು. ನಾನೂ ನಕ್ಕು, ಮುಜುಗರ ಮುಚ್ಚಿಕೊಳ್ಳಲು ಆ ಪ್ರಶ್ನೆಯನ್ನು ಗೈಡಿಗೆ ದಾಟಿಸಿದೆ. ಆಯಮ್ಮನ ಮುಖ ಅರಳಿತು. ಇಂಥ ಪ್ರಶ್ನೆ ಕೇಳುವವರು ಸಿಗಲಿ ಅಂತಲೇ ಕಾಯುತ್ತಿದ್ದರೇನೋ!

ಈ ಅಂಗಳದ ಕೆಲವು ಮೂರ್ತಿಗಳು ಮೊದಲು ಹಿಂದಿನ ದೊರೆ ಮೂರನೇ ಆಮೆನ್‌ಹೊಟೆಪ್‌ನವು. ದೇವಾಲಯದ ಒಳಭಾಗ ಕಟ್ಟಿಸಿದವನೂ ಅವನೇ. ರಾಮ್ಸೆಸ್ ಪಟ್ಟಕ್ಕೆ ಬಂದಿದ್ದು ಅವನ ಕಾಲವಾಗಿ ಸುಮಾರು ಎಪ್ಪತ್ತು ವರ್ಷಗಳ ಮೇಲೆ, ಕ್ರಿ.ಪೂ. 1279ರಲ್ಲಿ. ಹಳೆಯ ಹೆಸರು ತೆಗೆಸಿ ತನ್ನದನ್ನು ಕೊರೆಸಿದ, ಮುಖಕ್ಕೂ ಉಳಿ ಆಡಿಸಿದ. ಗೈಡ್ ಹೇಳಿದ್ದರಲ್ಲಿ ನನಗೆ ಇಂದಿಗೂ ಮರೆಯದ ಮಾತು ಇಲ್ಲಿದೆ. ಕಲ್ಲಿನಲ್ಲಿ ಕಳೆಯಬಹುದು, ಕೂಡಿಸಲಾಗದು. ಆಮೆನ್‌ಹೊಟೆಪ್‌ನ ದಪ್ಪ ತುಟಿಯನ್ನು ಕೆತ್ತಿ ತೆಳುವಾಗಿಸಬಹುದು. ಆದರೆ ಓರೆಯಾಗಿ ಮೇಲಕ್ಕೆಳೆದ ಆ ಬಾದಾಮಿ ಕಣ್ಣಿನ ವಾಲು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದನ್ನು ನೋಡಿಯೇ ತಿಳಿದವರು ಮೂಲ ದೊರೆಯನ್ನು ಪತ್ತೆ ಹಚ್ಚುತ್ತಾರೆ.

"ಖಾತೆ ಬದಲಾವಣೆ ಆಗಿದೆ ಅನ್ನಿ" ಅಂದರು ಹಿರಿಯರು.

ಕಳ್ಳತನ ಅನ್ನುವುದಕ್ಕಿಂತ ಆ ಮಾತೇ ಸರಿ ಅನ್ನಿಸಿತು ನನಗೆ. ಪ್ರಾಚೀನ ಈಜಿಪ್ಟಿನವರ ನಂಬಿಕೆಯಲ್ಲಿ ಮೂರ್ತಿ ಯಾರದ್ದು ಅಂತ ತೀರ್ಮಾನಿಸುವುದು ಹೋಲಿಕೆಗಿಂತ ಹೆಚ್ಚಾಗಿ ಹೆಸರು. ಉದ್ದುಂಗುರದಂಥ ಕಾರ್ಟೂಷ್‌ನೊಳಗೆ ಯಾರ ಹೆಸರೋ ಅವನದೇ ಮೂರ್ತಿ. ರಾಮ್ಸೆಸ್ ತನ್ನ ಹೆಸರನ್ನು ಬೆರಳು ತೂರುವಷ್ಟು ಆಳಕ್ಕೆ ಕೊರೆಸಿದ್ದು ಮುಂದಿನವರು ಅಳಿಸದಿರಲಿ ಅಂತಲೇ ಎಂದು ಗೈಡುಗಳು ಹೇಳುವುದುಂಟು. ಆದರೂ ಅವನ ರಾಜಧಾನಿಯ ಮೂರ್ತಿ, ಒಬೆಲಿಸ್ಕ್‌ಗಳನ್ನು ನಂತರದ ದೊರೆಗಳು ತಾನಿಸ್ ಊರಿಗೆ ಸಾಗಿಸಿಕೊಂಡರು.

ಅವತ್ತು ರಾತ್ರಿ ಹೋಟೆಲಿನಲ್ಲಿ ನನ್ನ ನೋಟ್‌ಬುಕ್ ತೆಗೆದೆ. ಪುಟಪುಟಕ್ಕೂ "ಕಟ್ಟಿಸಿದ", "ಮಾಡಿಸಿದ". ಎಷ್ಟೋ ಕಡೆ ಗೈಡ್ ಹೇಳಿದ್ದು "ಹೆಸರಿದೆ" ಅಂತಲೋ, "ಸೇರಿಸಿದ" ಅಂತಲೋ ಇದ್ದಿರಬೇಕು. ವಾಕ್ಯ ನುಣ್ಣಗಾಗಲಿ ಅಂತ ನಾನೇ ಮಸಾಲೆ ಸೇರಿಸಿದ್ದೆ. ಎಲ್ಲವನ್ನೂ ತಿದ್ದುವಷ್ಟರಲ್ಲಿ ಒಂದು ಗಂಟೆ. ಈಗ ಮೂರ್ತಿ ಮುಂದೆ ನಿಂತಾಗ ಮೊದಲು ಗೈಡನ್ನೇ ಕೇಳುತ್ತೇನೆ: ಹೆಸರು ಯಾರದ್ದು, ಮುಖ ಯಾರದ್ದು? ಆಮೇಲೆ ಕನ್ನಡ. ಇದರಿಂದ ಪ್ರತಿ ಜಾಗದಲ್ಲೂ ಹತ್ತು ನಿಮಿಷ ತಡ, ಬಸ್ ಡ್ರೈವರ್ ಗೊಣಗಾಟ.

ಮರುದಿನ ಬೆಳಿಗ್ಗೆ ನೈಲ್ ದಾಟಿ ಪಶ್ಚಿಮ ದಂಡೆಗೆ ಹೋದೆವು. ಮೊದಲು ಮೆಮ್ನಾನ್ ಜೋಡಿ ಮೂರ್ತಿಗಳು. ಹೆಸರು ಗ್ರೀಕರು ಇಟ್ಟಿದ್ದು, ಕೂತಿರುವವನು ಅದೇ ಆಮೆನ್‌ಹೊಟೆಪ್. ಸುಮಾರು 18 ಮೀಟರ್ ಎತ್ತರ. "ನಮ್ಮ ಬೆಳಗೊಳದ ಗೊಮ್ಮಟನಷ್ಟೇ" ಎಂದು ಹಿರಿಯರು ಲೆಕ್ಕ ಹಾಕಿದರು. ಗೊಮ್ಮಟ 58 ಅಡಿ, ಲೆಕ್ಕ ಸರಿಯೇ.

ಅಲ್ಲಿಂದ ದೈರ್ ಅಲ್ ಬಹ್ರಿ, ಹಟ್‌ಷೆಪ್ಸುಟ್‌ಳ ದೇವಾಲಯ. ಬಸ್ಸಿನಿಂದ ಇಳಿಯುತ್ತಲೇ ಅವರ ಪ್ರಶ್ನೆ: "ಇಲ್ಲಿ ಪಹಣಿ ಯಾರ ಹೆಸರಲ್ಲಿದೆ?"

ಹೆಣ್ಣಾಗಿ ಹುಟ್ಟಿ, ಕಟ್ಟುಗಡ್ಡ ಧರಿಸಿದ ದೊರೆಯಾಗಿ ಮೂರ್ತಿ ಮಾಡಿಸಿಕೊಂಡವಳು ಆಕೆ. ಆಕೆ ಸತ್ತು ವರ್ಷಗಳಾದ ಮೇಲೆ, ಆಕೆಯ ಮಲಮಗ ಮೂರನೇ ಥಟ್‌ಮೋಸ್ ತನ್ನ ಆಳ್ವಿಕೆಯ ಕೊನೆಗಾಲದಲ್ಲಿ ಹೆಸರು, ಚಿತ್ರಗಳನ್ನು ಕೆತ್ತಿ ತೆಗೆಸಿದ. ಮೂರ್ತಿಗಳನ್ನು ಒಡೆದು ಗುಂಡಿಗೆ ತುಂಬಿಸಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರು 1920ರ ದಶಕದಲ್ಲಿ ಆ ಚೂರುಗಳನ್ನು ಅಗೆದು ತೆಗೆದು ಜೋಡಿಸಿದರು. ಗೋಡೆಯ ಮೇಲೆ ಅಲ್ಲಲ್ಲಿ ಕೆತ್ತಿ ತೆಗೆದ ಜಾಗದಲ್ಲೇ ಆಕೆಯ ಆಕಾರ ಉಳಿದಿದೆ.

ಹಿರಿಯರು ಕನ್ನಡಕ ಒರೆಸಿಕೊಂಡು ಅಂಥ ಒಂದು ಗುರುತಿನ ಮುಂದೆ ತುಂಬ ಹೊತ್ತು ನಿಂತರು. "ನಾವೂ ರಿಜಿಸ್ಟರಲ್ಲಿ ತಪ್ಪಿದ್ರೆ ಕೆಂಪು ಶಾಯೀಲಿ ಗೆರೆ ಹೊಡೀತಿದ್ವಿ. ಕೆಳಗಿನ ಹಳೇ ಹೆಸ್ರು ಓದೋ ಹಾಗೇ ಇರ್ಬೇಕು ಅಂತ ನಮ್ಮ ತಹಸೀಲ್ದಾರ್ರು ಬೈತಿದ್ರು" ಅಂದರು. ಅಷ್ಟರಲ್ಲಿ ಕೆಳಗಿನಿಂದ ಡ್ರೈವರ್ ಎರಡನೇ ಸಲ ಹಾರ್ನ್ ಹೊಡೆದ.