ನಿನ್ನ ಕಥೆಯ ಹುಡುಗಿ ಯಾಕೆ ಸುಳ್ಳು ಹೇಳುತ್ತಾಳೆ?

ನಾನು ಶಿರಸಿಯವಳು. ಹಗಲು ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ, ರಾತ್ರಿ ಕಾಮಿಕ್ಸ್ ಬಿಡಿಸುತ್ತೇನೆ. ಎರಡು ವರ್ಷದಿಂದ ಒಂದೇ ಕಥೆ ನಡೆಯುತ್ತಿದೆ. ಕುಮಟಾದ ಒಬ್ಬಳು, ಶಿರಸಿಯ ಒಬ್ಬಳು, ಇಬ್ಬರಿಗೂ ಪ್ರೀತಿ. ಒಂದು ದಿನ ಕುಮಟಾದವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಅವಳು ಶಿರಾ, ಅವಲಕ್ಕಿ, ಚಾ ತಂದಿಟ್ಟು "ಆಗಬಹುದು" ಅಂದುಬಿಡುತ್ತಾಳೆ. ಶಿರಸಿಯವಳಿಗೆ ಮೂರು ತಿಂಗಳು ಈ ವಿಷಯವನ್ನೇ ತಿಳಿಸುವುದಿಲ್ಲ. ಆ ಹುಡುಗ ಒಳ್ಳೆಯವನು. ಅವನಿಗೂ ಏನೂ ಹೇಳುವುದಿಲ್ಲ.

ಹಾಗಾಗಿ ನನಗೆ ಬರುವ ಪ್ರಶ್ನೆ ಯಾವಾಗಲೂ ಒಂದೇ. ಅವಳನ್ನು ಯಾಕೆ ಇಷ್ಟು ಕೆಟ್ಟವಳು ಮಾಡಿದಿರಿ? ಊರಿನವರು ಕೇಳಿದರೆ ನಕ್ಕು ಬಿಡುತ್ತೇನೆ. ಆದರೆ ಹೋದ ತಿಂಗಳು ಕಾರವಾರದ ಹುಡುಗಿಯೊಬ್ಬಳು ಫೋನ್ ಮಾಡಿ ಕೇಳಿದಳು: "ಅಕ್ಕಾ, ನಮ್ಮಂಥವರ ಕಥೆ ಕನ್ನಡದಲ್ಲಿ ಬರೋದೇ ಅಪರೂಪ. ಅದ್ರಲ್ಲೂ ಸುಳ್ಳುಬುರುಕಿನೇ ಬೇಕಿತ್ತಾ?" ಇದಕ್ಕೆ ನಗುವ ಹಾಗಿರಲಿಲ್ಲ.

ನಮ್ಮ ಕಡೆ ಹುಡುಗಿಗೆ ಹದಿನೆಂಟು ತುಂಬಿದರೆ ಸಾಕು, ಯಾರದೇ ಮದುವೆಗೆ ಹೋಗಲಿ, ಪಂಕ್ತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ಎಂಗಕ್ಕೆ ಊಟ ಯಾವಾಗ, ಕೂಸೆ?" ನಿನಗೆ ಯಾರು ಇಷ್ಟ ಅಂತಲ್ಲ, ಮದುವೆ ಬೇಕಾ ಅಂತಲೂ ಅಲ್ಲ. ನಮಗೆ ನಿನ್ನ ಮದುವೆಯ ಊಟ ಯಾವಾಗ ಅಂತ. ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅನ್ನುವುದು ಇಲ್ಲಿ ದಿನಾ ಕೇಳುವ ಮಾತು. ಹಾಗಾಗಿ ಈಗ ಹೆಣ್ಣುಮಕ್ಕಳದೇ ಆಯ್ಕೆ ಅಂತಾರೆ. ಬೆಂಗಳೂರಿನ ಹುಡುಗನೋ, ತೋಟದ ಹುಡುಗನೋ, ಅಷ್ಟೇ ಆಯ್ಕೆ. ಹುಡುಗನೇ ಬೇಡ ಅನ್ನುವುದಕ್ಕೆ ಜಾತಕದ ಜೊತೆ ಕಳಿಸುವ ಚೀಟಿಯಲ್ಲಿ ಜಾಗವಿಲ್ಲ.

ಅಮೆರಿಕದ ಕವಿ ಏಡ್ರಿಯನ್ ರಿಚ್ 1980ರಲ್ಲಿ ಈ ಬಗ್ಗೆಯೇ ಒಂದು ದೊಡ್ಡ ಪ್ರಬಂಧ ಬರೆದಳು. ಹೆಣ್ಣಿಗೆ ಗಂಡಿನ ಮೇಲೆ ಆಸೆ ತಾನಾಗಿಯೇ ಹುಟ್ಟುತ್ತದೆ ಅಂದುಕೊಂಡು ಸುಮ್ಮನಿರಬೇಡಿ, ಅದನ್ನು ಅವಳ ಮೇಲೆ ಹೇರಲಾಗುತ್ತದೆ, ಕೂಲಿ, ಕಾನೂನು, ಕಥೆ, ಹೆದರಿಕೆ ಎಲ್ಲವೂ ಸೇರಿ ಹೇರುತ್ತವೆ ಅನ್ನುವುದು ಅವಳ ವಾದ. ಇದಕ್ಕೆ ಅವಳು ಇಟ್ಟ ಹೆಸರು 'ಕಂಪಲ್ಸರಿ ಹೆಟರೊಸೆಕ್ಷುಯಾಲಿಟಿ', ಅಂದರೆ ಗಂಡನ್ನೇ ಬಯಸಬೇಕೆಂಬ ಕಡ್ಡಾಯ. ಈಗಿನ ಹುಡುಗಿಯರು ಇದನ್ನು ಕಾಂಪ್‌ಹೆಟ್ ಅಂತ ಚಿಕ್ಕದಾಗಿ ಕರೆಯುತ್ತಾರೆ. ಹೆಸರು ಚಿಕ್ಕದಾಯಿತು, ವಿಷಯ ಆಗಲಿಲ್ಲ.

ಕಾಮಿಕ್ಸಿನಲ್ಲಂತೂ ಇದನ್ನು ಬರೆದೇ ಇಟ್ಟಿದ್ದರು. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ 1947ರಲ್ಲಿ ಅಮೆರಿಕದಲ್ಲಿ ಪ್ರೇಮಕಥೆಗಳ ಕಾಮಿಕ್ಸ್ ಶುರುಮಾಡಿದರು. ಅವು ಚೆನ್ನಾಗಿ ಓಡಿದವು. 1954ರಲ್ಲಿ ಪ್ರಕಾಶಕರೇ ಸೇರಿ ಒಂದು ನಿಯಮಾವಳಿ ಮಾಡಿಕೊಂಡರು. ಪ್ರೇಮಕಥೆ ಅಂದರೆ ಮನೆ-ಸಂಸಾರದ ಮಹತ್ವ, ಮದುವೆಯ ಪಾವಿತ್ರ್ಯ ಎತ್ತಿಹಿಡಿಯಬೇಕು. ನಮ್ಮಂಥವರು ಅವರ ಲೆಕ್ಕದಲ್ಲಿ 'ವಿಕೃತಿ'; ಅದರ ಸುಳಿವೂ ಕಾಣಿಸಬಾರದು. ಈ ನಿಷೇಧ ಸಡಿಲವಾಗಿದ್ದು 1989ರಲ್ಲಿ. ನಮ್ಮೂರಲ್ಲಿ ಇಂಥದ್ದನ್ನು ಯಾರೂ ಬರೆದಿಡಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ.

ಇಂಥ ಕಡೆ ಬೆಳೆದ ಹುಡುಗಿ ಪ್ರೀತಿಗಿಂತ ಮೊದಲು ಕಲಿಯುವುದು ಸುಳ್ಳನ್ನು. ಕ್ಲಾಸಿನಲ್ಲಿ ಯಾರು ಇಷ್ಟ ಅಂತ ಗೆಳತಿಯರು ಕೇಳಿದಾಗ ಬಾಯಿಗೆ ಬಂದ ಹುಡುಗನ ಹೆಸರು ಹೇಳುತ್ತಾಳೆ. ನಾಲ್ಕು ಸಲ ಹೇಳಿದ ಮೇಲೆ ತಾನೂ ಅರ್ಧ ನಂಬುತ್ತಾಳೆ. ಇದನ್ನು ತೋರಿಸಲು ಕಾಮಿಕ್ಸಿನಷ್ಟು ಸಲೀಸು ಬೇರೆ ಇಲ್ಲ. ಬಲೂನಿನಲ್ಲಿ ಒಂದು ಮಾತು, ಮುಖದಲ್ಲಿ ಇನ್ನೊಂದು. ಆ "ಆಗಬಹುದು" ಪ್ಯಾನೆಲ್ ಅನ್ನು ಏಳು ಸಲ ಬಿಡಿಸಿದೆ. ಮೊದಲ ಆರರಲ್ಲೂ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಏಳನೆಯದರಲ್ಲಿ ನಗಿಸಿದೆ. ಅದೇ ಸರಿಯಾಗಿತ್ತು.

ಕಾರವಾರದವಳಿಗೆ ಇಷ್ಟು ಹೇಳಿದೆ. "ಹಾಗಾದ್ರೆ ತಪ್ಪು ಅವಳದ್ದಲ್ಲ, ಊರಿನದ್ದು, ಅಲ್ವಾ?" ಅಂದಳು. ನಾನು ಇಲ್ಲ ಅಂದೆ.

ಜಪಾನಿನ ಶಿಮುರಾ ತಾಕಾಕೊ 2019ರಲ್ಲಿ ಒಂದು ಧಾರಾವಾಹಿ ಕಾಮಿಕ್ಸ್ ಶುರುಮಾಡಿದರು. ಅದರಲ್ಲಿ ಪ್ರೈಮರಿ ಶಾಲೆಯ ಟೀಚರ್ ಒಬ್ಬಳು ಇನ್ನೊಬ್ಬ ಹೆಣ್ಣಿಗೆ ಮನಸೋಲುತ್ತಾಳೆ. ತನಗೆ ಮದುವೆಯಾಗಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಗಂಡ ರಾಕ್ಷಸನಾಗಿದ್ದರೆ ಓದುವವರಿಗೆ ಸುಲಭವಾಗುತ್ತಿತ್ತು. ಅವನು ರಾಕ್ಷಸನಲ್ಲ. ಅದಕ್ಕೇ ನೋವು ನಿಜವಾಗುತ್ತದೆ. ಅದೇ ವರ್ಷ ಬಂದ ಮಾರಿಕೊ ತಮಾಕಿ ಬರೆದ 'ಲಾರಾ ಡೀನ್' ಕಥೆಯಲ್ಲಿ ಮದುವೆಯ ಒತ್ತಡದ ಮಾತೇ ಇಲ್ಲ. ಲಾರಾ ಒಂದೇ ಹುಡುಗಿಯನ್ನು ಮತ್ತೆ ಮತ್ತೆ ಬಿಡುತ್ತಾಳೆ, ಮತ್ತೆ ಮತ್ತೆ ಕರೆಯುತ್ತಾಳೆ. ಅವಳು ಸ್ವಾರ್ಥಿ, ಅಷ್ಟೇ. ಕರೆದಾಗೆಲ್ಲ ಓಡುವ ಈ ಹುಡುಗಿಯೂ ಸಾಚಾ ಅಲ್ಲ, ತನ್ನ ಆಪ್ತ ಗೆಳತಿಗೆ ಬೇಕಾದ ಹೊತ್ತಿಗೆ ಕೈಕೊಡುತ್ತಾಳೆ. ಗಂಡು-ಹೆಣ್ಣಿನ ಪ್ರೇಮಕಥೆಯಲ್ಲಿ ಇಂಥವರು ಸಾಲುಗಟ್ಟಿ ಸಿಗುತ್ತಾರೆ, ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಎಲ್ಲ ತಪ್ಪನ್ನೂ ಊರಿನ ತಲೆಗೆ ಕಟ್ಟಿದರೆ ನನ್ನ ನಾಯಕಿ 'ಪಾಪದ ಕೂಸು' ಆಗುತ್ತಾಳೆ. ಪಾಪದ ಕೂಸನ್ನು ಯಾರು ಪ್ರೀತಿಸುತ್ತಾರೆ? ಅನುಕಂಪ ತೋರಿಸುತ್ತಾರೆ, ಜಾಸ್ತಿ ಅಂದರೆ.

ಇನ್ನು ನನ್ನ ವಿಷಯ. ಇಪ್ಪತ್ತಾರರಲ್ಲಿ ನಾನೂ ಒಬ್ಬರ ಮುಂದೆ ಚಾ ತಂದಿಟ್ಟು ಒಪ್ಪಿಕೊಂಡವಳೇ. ಆಗ ನನಗೊಬ್ಬಳು ಗೆಳತಿ ಇದ್ದಳು. ಒತ್ತಡವಿತ್ತು, ಸುಳ್ಳಲ್ಲ. ಆಯಿ ಅತ್ತಿದ್ದಳು, ಅಪ್ಪಯ್ಯ ಮಾತು ಬಿಟ್ಟಿದ್ದ. ಆದರೆ ಇಷ್ಟು ವರ್ಷ ಯಾರಿಗೂ ಹೇಳದ ಮಾತು ಒಂದಿದೆ. ಆಮೇಲಿನ ಎರಡು ವಾರ ನನಗೆ ಖುಷಿಯಾಗಿತ್ತು. ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಹೊಸ ಸೀರೆ ಬಂತು. ಬೇಣದಾಚೆ ಮನೆಯ ಅತ್ತೆ ಮೊದಲ ಸಲ ನನ್ನನ್ನು ಹೊಗಳಿದಳು. ಆ ಹೊಗಳಿಕೆ ಇನ್ನೆರಡು ದಿನ ಇರಲಿ ಅಂತಲೇ ಗೆಳತಿಯ ಫೋನ್ ಎತ್ತಲಿಲ್ಲ. ಇದನ್ನು ಯಾವ ಊರಿನ ಮೇಲೆ ಹಾಕಲಿ? ಹದಿನೈದನೇ ದಿನ ಒಲ್ಲೆ ಅಂದೆ. ಗೆಳತಿಗೆ ವಿಷಯ ಗೊತ್ತಾಗಿದ್ದು ಬೇರೆಯವರಿಂದ.

ಕಾರವಾರದವಳು ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸರಿ ಅಕ್ಕಾ. ಆದ್ರೆ ಆ ಹುಡುಗನಿಗೆ ಯಾರು ಹೇಳಿದ್ರು?" ಅಂದಳು.

ಕಥೆಯಲ್ಲಿ ಆ ಜಾಗವನ್ನು ನಾನು ಹಾರಿಸಿದ್ದೆ. ಒಂದು ಪುಟದಲ್ಲಿ ಮದುವೆ ನಿಂತಿದೆ, ಮುಂದಿನ ಪುಟದಲ್ಲಿ ಇಬ್ಬರೂ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಜಗಳವಾಡುತ್ತಿದ್ದಾರೆ. ನನ್ನ ಮನೆಯಲ್ಲೂ ಹಾಗೇ. ಆವತ್ತು ಫೋನ್ ಮಾಡಿದ್ದು ಚಿಕ್ಕಪ್ಪ. ನಾನು ಮೆತ್ತಿನ ಮೇಲೆ ಬಾಗಿಲು ಹಾಕಿಕೊಂಡು ಕೂತಿದ್ದೆ.

ಬಿಟ್ಟುಹೋದ ಆ ಪುಟವನ್ನು ಈ ವಾರ ಬಿಡಿಸುತ್ತಿದ್ದೇನೆ. ಚಿಕ್ಕಪ್ಪನನ್ನು ತೆಗೆದುಹಾಕಿದೆ. ಫೋನ್ ಅವಳ ಕೈಯಲ್ಲೇ ಇದೆ, ಆಚೆ ಕಡೆ ರಿಂಗ್ ಆಗುತ್ತಿದೆ.