ಎರಡು ಕಡ್ಡಿ, ಒಂದು ಕೌದಿ

ಹೋದ ಭಾನುವಾರ ಕೌದಿ ಹೊತ್ತುಕೊಂಡು ಕೆಳಗೆ ಅಂಗಳಕ್ಕೆ ಇಳಿದೆ. ಇಲ್ಲಿ ಫಿನ್ಲೆಂಡಿನ ತಾಂಪೆರೆಯಲ್ಲಿ ಮಾರ್ಚ್ ಬಂದರೂ ಮೈನಸ್ 8. ಹಾಸಿಗೆ, ಜಮಖಾನ ಜೋತುಹಾಕಿ ಬಡಿಯಲು ಅಪಾರ್ಟ್‌ಮೆಂಟಿನ ಅಂಗಳದಲ್ಲೇ ಒಂದು ಅಡ್ಡ ಕಂಬಿ ಇದೆ. ನಮ್ಮೂರು ಕಲಬುರಗಿಯಲ್ಲಿ ಬಿಸಿಲು ಮಾಡುವ ಕೆಲಸವನ್ನು ಇಲ್ಲಿ ಚಳಿ ಮಾಡುತ್ತದೆ.

ಮೇಲಿನ ಮನೆಯ ಅಜ್ಜಿಯೂ ತಮ್ಮ ಜಮಖಾನ ತಂದಿದ್ದರು. ಎಂಬತ್ತರ ಹತ್ತಿರದ ವಯಸ್ಸು. ನನ್ನ ಕೌದಿ ನೋಡಿ ನಿಂತರು. ಕೈಗವಸು ಬಿಚ್ಚಿದರು. ಆ ಚಳಿಯಲ್ಲಿ ಯಾರೂ ಸುಮ್ನೆ ಕೈಗವಸು ಬಿಚ್ಚುವುದಿಲ್ಲ. ಹೆಬ್ಬೆರಳಿನಿಂದ ಹೊಲಿಗೆ ಸವರುತ್ತ ಅಂಚಿನಿಂದ ನಡುವಿನವರೆಗೂ ಹೋದರು.

“ಕೈಯಲ್ಲೇ ಹೊಲಿದದ್ದಾ?”

“ಹೂಂ.”

“ಯಾರು?”

“ನಮ್ಮೂರಿನ ಒಬ್ಬ ಹೆಂಗಸು.”

“ಹೆಸರು?”

ಗೊತ್ತಿಲ್ಲ ಅಂದೆ. ಅಜ್ಜಿ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಕೈಗವಸು ಹಾಕಿಕೊಂಡು ಜಮಖಾನ ಬಡಿಯತೊಡಗಿದರು. ಇಲ್ಲಿನವರ ಮೌನ ನನಗೆ ಹೊಸದಲ್ಲ. ಲಿಫ್ಟಿನಲ್ಲಿ, ಬಸ್ಸಿನಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಆದರೆ ಅವತ್ತಿನದು ಯಾಕೋ ಮನೆಯೊಳಗೂ ನನ್ನ ಹಿಂದೆಯೇ ಬಂತು.

ಈ ಅಜ್ಜಿ ಬರೀ ನೆರೆಮನೆಯವರಲ್ಲ, ನನ್ನ ಹೆಣಿಗೆ ಗುರು. ಹೌದು, ನಾನು ಹೆಣೆಯುತ್ತೇನೆ. ನಲವತ್ತೆರಡು ವರ್ಷದ, ಮೀಸೆ ಇರುವ, ಕಂಪ್ಯೂಟರ್ ಮುಂದೆ ಕೂರುವ ಗಂಡಸು. ನಗುವವರು ಈಗಲೇ ನಕ್ಕುಬಿಡಿ.

ಶುರುವಾಗಿದ್ದು ಮಗಳಿಂದ. ಶಾಲೆಯಿಂದ ಒಂದು ಉಲನ್ ಉಂಡೆ, ಎರಡು ಕಡ್ಡಿ ತಂದಳು. ಈ ದೇಶದಲ್ಲಿ 1866ರಲ್ಲೇ ಶಾಲೆಗಳಿಗೆ ಕೈಕೆಲಸವನ್ನು ಕಡ್ಡಾಯ ಪಾಠ ಮಾಡಿದರು. ಈಗ ಹುಡುಗರೂ ಸೂಜಿ ಹಿಡಿಯುತ್ತಾರೆ, ಹುಡುಗಿಯರೂ ಗರಗಸ ಹಿಡಿಯುತ್ತಾರೆ. ನಮ್ಮ ಶಾಲೆಯ ಕ್ರಾಫ್ಟ್ ಪೀರಿಯಡ್ ನೆನಪಾಯಿತು. ಹುಡುಗಿಯರು ಕರ್ಚೀಫಿನ ಮೂಲೆಗೆ ಹೂ ಹೊಲಿಯುತ್ತಿದ್ದರು. ನಾವು ಮೈದಾನದ ಕಲ್ಲು ಆರಿಸುತ್ತಿದ್ದೆವು. ಆರಿಸಿದ ಕಲ್ಲನ್ನು ಮುಂದಿನ ವಾರ ನಾವೇ ಮತ್ತೆ ಮೈದಾನಕ್ಕೆ ಎಸೆಯುತ್ತಿದ್ದೆವು, ಆ ಮಾತು ಬೇರೆ.

ಡಿಸೆಂಬರ್‌ನಲ್ಲಿ ಇಲ್ಲಿ ಮಧ್ಯಾಹ್ನ 3 ಗಂಟೆಗೆಲ್ಲ ಕತ್ತಲು. ಒಂದು ಸಂಜೆ ಮಗಳು, “ಅಪ್ಪಾ, ಎಷ್ಟೊತ್ತು ಫೋನ್ ನೋಡ್ತೀಯಾ? ಇದನ್ನ ಹಿಡ್ಕೋ” ಅಂತ ಕಡ್ಡಿ ಕೈಗೆ ಕೊಟ್ಟಳು. ನಾನು ಜೋಶಿನಲ್ಲಿ ನೇರವಾಗಿ ಅವ್ವನಿಗೆ ಸ್ವೆಟರ್ ಹಾಕ್ತೀನಿ ಅಂದೆ. ಮೇಲಿನ ಅಜ್ಜಿ ಅದನ್ನು ಕೇಳಿ ನಕ್ಕರು. ಅವರು ನಗುವುದನ್ನು ಅವತ್ತೇ ಮೊದಲು ನೋಡಿದ್ದು.

“ಮೊದಲು ಪಾತ್ರೆ ಒರೆಸುವ ಬಟ್ಟೆ” ಅಂದರು. ಹತ್ತಿ ನೂಲು, ತಿಳಿ ಬಣ್ಣದ್ದು. ಕಪ್ಪು ಬೇಡ, ಹೊಲಿಗೆ ಕಾಣುವುದಿಲ್ಲ. ಜುಂಗು ಎದ್ದಿರುವ ನೂಲಂತೂ ಬೇಡವೇ ಬೇಡ, ತಪ್ಪಾದರೆ ಬಿಚ್ಚಲು ಬರುವುದಿಲ್ಲ. 4 ಮಿಲಿಮೀಟರಿನ ಬಿದಿರಿನ ಕಡ್ಡಿ, ಯಾಕಂದರೆ ಸ್ಟೀಲ್ ಕಡ್ಡಿಯಿಂದ ಕುಣಿಕೆ ಜಾರುತ್ತದೆ. ನಲವತ್ತು ಕುಣಿಕೆ ಹಾಕು, ಎರಡೂ ಕಡೆ ಒಂದೇ ಹೊಲಿಗೆ ಹೆಣೆಯುತ್ತ ಹೋಗು, ಚೌಕ ಆದಾಗ ನಿಲ್ಲಿಸು. ಚೆನ್ನಾಗಿ ಬರದಿದ್ದರೂ ಪಾತ್ರೆ ಒರೆಸಬಹುದು, ಪಾತ್ರೆಗೇನು ಗೊತ್ತಾಗುತ್ತದೆ?

ನನ್ನ ಚೌಕ ಚೌಕವಾಗಲಿಲ್ಲ. ಕೆಳಗೆ ನಲವತ್ತು ಕುಣಿಕೆ, ಮೇಲೆ ಹೋಗುತ್ತ ನಲವತ್ತೇಳು. ಯಾವ ಮಾಯದಲ್ಲಿ ಹುಟ್ಟಿದವೋ! ಅಜ್ಜಿ ಒಂದೇ ನೋಟಕ್ಕೆ ಹಿಡಿದರು. ಹೊಸ ಸಾಲು ಶುರು ಮಾಡುವಾಗ ನಾನು ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆಯುತ್ತಿದ್ದೆ. ಆಗ ಮೊದಲ ಕುಣಿಕೆ ಅಗಲವಾಗಿ ಎರಡರ ಹಾಗೆ ಕಾಣುತ್ತದೆ. ನಾನು ಎರಡನ್ನೂ ಹೆಣೆಯುತ್ತಿದ್ದೆ. ಸಾಲು ಮುಗಿದಾಗಲೆಲ್ಲ ಎಣಿಸಬೇಕು, ಅಷ್ಟೇ ಔಷಧಿ. ಪೂರ್ತಿ ಬಿಚ್ಚಿ ಮತ್ತೆ ಹಾಕಿದೆ. ಒಂಬತ್ತು ಸಂಜೆ ಹಿಡಿಯಿತು.

ಆಮೇಲೆ ಮಫ್ಲರ್ ಹಾಕಲಾ ಅಂತ ಕೇಳಿದೆ. ಬೇಡ ಅಂದರು. ಹೊಸಬರು ಎಲ್ಲರೂ ಮಫ್ಲರ್‌ಗೆ ಕೈ ಹಾಕಿ ಅರ್ಧಕ್ಕೆ ಬಿಡುತ್ತಾರಂತೆ. ಉದ್ದಕ್ಕೆ ಕೊನೆಯೇ ಇಲ್ಲವಲ್ಲ. ಅದರ ಬದಲು ಟೊಪಗಿ. ವೈರು ಜೋಡಿಸಿದ ದುಂಡನೆಯ ಕಡ್ಡಿಯಲ್ಲಿ ಸುತ್ತ ಸುತ್ತ ಹೆಣೆಯುತ್ತ ಹೋದರೆ ಉಲ್ಟಾ ಹೊಲಿಗೆ ಕಲಿಯುವ ಗೋಜೇ ಇಲ್ಲ, ಒಂದು ವಾರದಲ್ಲಿ ತಲೆಗೂ ಹಾಕಿಕೊಳ್ಳಬಹುದು.

ಟೊಪಗಿಯ ನೂಲು ಆರಿಸುವಾಗ ಅಜ್ಜಿ ಕೇಳಿದರು, “ನಿಮ್ಮದು ಬಿಸಿ ಊರು, ಉಣ್ಣೆ ಕೆಲಸ ಇಲ್ಲ ಅಲ್ವಾ?” ಅಲ್ಲಿ ನನಗೆ ಸ್ವಲ್ಪ ಉರಿಯಿತು. ನಮ್ಮ ಕರಿ ಕಂಬಳಿಯ ಕಥೆ ಹೇಳಿದೆ. ಕುರುಬರು ವರ್ಷಕ್ಕೆ ಎರಡು ಸಲ ಕುರಿಯ ತುಪ್ಪಟ ಕತ್ತರಿಸುವುದು, ಮುದುಕಿಯರು ಕೂತಲ್ಲೇ ನೂಲು ತೆಗೆಯುವುದು, ಮಗ್ಗಕ್ಕೆ ಹಾಕುವ ಮುಂಚೆ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿರುಸು ಮಾಡುವುದು. ಆ ಕಂಬಳಿ ಚುಚ್ಚುತ್ತದೆ, ನಿಜ. ಆದರೆ ಮಳೆಯಲ್ಲಿ ತಲೆ ಮೇಲೆ ಹೊದ್ದರೆ ಗೊತ್ತಾಗುತ್ತದೆ ಅದರ ಬೆಲೆ. ಹುಣಸೆಬೀಜದ ವಿಷಯ ಅಜ್ಜಿ ಎರಡು ಸಲ ಕೇಳಿಸಿಕೊಂಡರು. ನಾನು ಅವತ್ತು ಎದೆ ಉಬ್ಬಿಸಿಕೊಂಡೇ ಮನೆಗೆ ಬಂದೆ.

ಹೆಸರಿನ ಪ್ರಶ್ನೆ ಬಂದ ಮೇಲೆ ಆ ಎದೆ ಎಲ್ಲಿ ಹೋಯಿತೋ.

ಭಾನುವಾರ ರಾತ್ರಿ ಕೌದಿಯನ್ನು ನೆಲಕ್ಕೆ ಹಾಸಿ ನಾನೂ ಮಗಳೂ ಕೂತೆವು. ಇಪ್ಪತ್ತು ವರ್ಷ ಅದನ್ನು ಹೊದ್ದಿದ್ದೇನೆ, ನೋಡಿದ್ದು ಅವತ್ತೇ. ಅವ್ವನ ಎರಡು ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಖಾಕಿ ಚಡ್ಡಿಯ ಒಂದು ತೇಪೆ. ಸುತ್ತ ಕೆಂಪಂಚು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಸಾಲು ಸಾಲಿನ ನಡುವೆ ಒಂದು ಬೆರಳು. ಒಂದು ಇಂಚಿಗೆ ಮೂರು ಹೊಲಿಗೆ. ಮಗಳು ಫೋನಿನಲ್ಲಿ ಲೆಕ್ಕ ಹಾಕಿದಳು.

“ಅಪ್ಪಾ, ಹತ್ತತ್ರ ಹದಿನೇಳು ಸಾವಿರ ಹೊಲಿಗೆ. ನಿನ್ನ ಬಟ್ಟೆ ಎಷ್ಟು?”

ನಲವತ್ತು ಕುಣಿಕೆ, ಎಂಬತ್ತು ಸಾಲು. ಮೂರು ಸಾವಿರದ ಇನ್ನೂರು.

“ಅವರಿಗೆ ಎಷ್ಟು ದುಡ್ಡು ಕೊಟ್ರಿ?”

ಅದು ನನಗೆ ಗೊತ್ತಿತ್ತು. ಹೆಸರು ಗೊತ್ತಿಲ್ಲ, ದುಡ್ಡು ಗೊತ್ತಿದೆ. ಆಕೆ ನೂರಾ ಇಪ್ಪತ್ತು ಕೇಳಿದ್ದಳು. ಅವ್ವ ಎಂಬತ್ತಕ್ಕೆ ಇಳಿಸಿದಳು. ಮೇಲೆ ಒಂದು ಮೊರ ಜೋಳ. ಚೌಕಾಸಿಯಲ್ಲಿ ಅವ್ವ ಗೆದ್ದಳು ಅಂತ ನಾನು ಓಣಿಯಲ್ಲಿ ಹೇಳಿಕೊಂಡು ತಿರುಗಿದ್ದೆ. ಮಗಳಿಗೆ ಬರೀ ಎಂಬತ್ತು ಅಂತ ಹೇಳಿದೆ. ಯೂರೋಗೆ ಬದಲಾಯಿಸಿ ನೋಡಿ ಸುಮ್ಮನಾದಳು.

ಬೇಸಿಗೆ ರಜೆಯಲ್ಲಿ ಆಕೆ ಬರುತ್ತಿದ್ದಳು. ಅಂಗಳದ ಬೇವಿನ ಗಿಡದ ಕೆಳಗೆ ಶಹಾಬಾದ್ ಕಲ್ಲಿನ ಮೇಲೆ ಸೀರೆ ಹರಡಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಅಂಚಿನಿಂದ ಹೊಲಿಯುತ್ತ ಒಳಗೆ ಬರುತ್ತಿದ್ದಳು. ನೆರಳು ಸರಿದ ಹಾಗೆ ಕೌದಿಯೂ ಆಕೆಯೂ ಸರಿಯುತ್ತಿದ್ದರು. ನಡುವಿಗೆ ಬಂದು ಕೊನೆಯ ತೇಪೆ ಮುಚ್ಚುವ ಮುಂಚೆ ಅವ್ವನ ಹತ್ತಿರ ಒಂದು ತುಣುಕು ರೊಟ್ಟಿ ಕೇಳಿದಳು. ತಿನ್ನಲಿಕ್ಕಲ್ಲ. ಅದನ್ನು ಒಳಗಿಟ್ಟು ಹೊಲಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.

ಇದನ್ನು ಹೇಳಿದ ಕೂಡಲೇ ಮಗಳು ಕೌದಿಯ ನಡುವನ್ನು ಹಿಚುಕಿ ನೋಡಿದಳು. “ರೊಟ್ಟಿ ಇನ್ನೂ ಇದೆಯಾ?” ಬೆರಳಿಗೆ ಏನೂ ಸಿಗಲಿಲ್ಲ.

ಮರುದಿನ ಅವ್ವನಿಗೆ ಫೋನ್ ಮಾಡಿದೆ. ಮೊದಲು ಅವಳಿಗೇ ಅಂತ ಹೆಣೆಯುತ್ತಿರುವ ಟೊಪಗಿ ವಿಷಯ ಹೇಳಿದೆ.

“ಯಪ್ಪಾ, ಇಲ್ಲಿ ಈಗ್ಲೇ ಬಿಸಲು ಬೆಂಕಿ ಆಗ್ಯದ. ಉಲನ್ ಟೊಪಗಿ ಹಾಕ್ಕೊಂಡು ಎಲ್ಲಿ ಹೋಗ್ಲಿ? ಮತ್ತ ನೀ ಗಂಡಸಾಗಿ ಕಡ್ಡಿ ಹಿಡ್ಕೊಂಡು ಕುಂದ್ರತೀ ಏನು? ಅಕಿ ಏನಂತಾಳ?”

ಅಕಿ ಅಂದರೆ ನನ್ನ ಹೆಂಡತಿ. ಏನೂ ಅನ್ನುವುದಿಲ್ಲ, ತನಗೂ ಒಂದು ಟೊಪಗಿ ಕೇಳಿದ್ದಾಳೆ.

“ಅವ್ವಾ, ಕೆಂಪಂಚಿನ ಕೌದಿ ಹೊಲಿದಾಕಿ ಹೆಸರೇನು?”

“ಯಾವಾಕಿ?”

“ಬ್ಯಾಸಿಗ್ಯಾಗ ಬರ್ತಿದ್ಲಲ್ಲ, ಬೇವಿನ ಗಿಡದ ಕೆಳಗ ಕೂಡ್ತಿದ್ಲು.”

“ಕೌದಿಯಾಕಿ.”

“ಹೆಸರು ಅವ್ವಾ.”

ಆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು. ಆಮೇಲೆ ಅವ್ವ ನಿಧಾನ ಹೇಳಿದಳು. “ಚಾದಾಗ ಮೂರ್ ಚಮಚ ಸಕ್ರಿ ಬೇಕಿತ್ತು ಅಕಿಗೆ. ಅಕಿ ಲೋಟ ನೆನಪದ ನನಗ. ಸಿಲಾವರದ್ದು, ಕಂಠ ಸೊಟ್ಟ ಆಗಿತ್ತು. ಹೊರಗ ಗೂಡಿನಾಗ ಇಡ್ತಿದ್ವಲ್ಲ.”

ಆ ಗೂಡು ನನಗೂ ನೆನಪಿದೆ. ಬಾಗಿಲ ಪಕ್ಕ, ಚಪ್ಪಲಿ ಬಿಡುವ ಜಾಗದ ಮೇಲೆ. ಆ ಲೋಟ ಒಳಗೆ ಬರುತ್ತಿರಲಿಲ್ಲ. ಆಕೆಯೇ ತೊಳೆದು, ಬೋರಲು ಹಾಕಿ ಹೋಗುತ್ತಿದ್ದಳು. ನಮ್ಮೊಳಗೆ ಯಾರೂ ಕೆಟ್ಟವರಲ್ಲ ಅಂತಲೇ ನಾನು ತಿಳಿದಿದ್ದೆ. ಅದೇ ಆಕೆ ಹೊಲಿದ ಕೌದಿಯನ್ನು ಮಾತ್ರ ಮುಖದವರೆಗೂ ಎಳೆದುಕೊಂಡು ಮಲಗುತ್ತಿದ್ದೆವು.

“ಯಾಕ ಕೇಳ್ಲಕತ್ತೀ ಈಗ?” ಅಂದಳು ಅವ್ವ. ಇಲ್ಲಿ ಒಬ್ಬ ಅಜ್ಜಿ ಕೇಳಿದರು ಅಂದೆ. “ಅವರಿಗೇನ್ ಆಗಬೇಕಂತ?” ಅಂದವಳು, ಊಟ ಆಯ್ತಾ ಅಂತ ಮಾತು ತಿರುಗಿಸಿದಳು.

ಬುಧವಾರ ಮೆಟ್ಟಿಲ ಮೇಲೆ ಅಜ್ಜಿ ಸಿಕ್ಕರು. ಜೇಬಿನಿಂದ ಒಂದು ಗೇಣು ಬಿಳಿ ಲಾಡಿ ತೆಗೆದು ಕೊಟ್ಟರು. ಅವರ ಮನೆಯಲ್ಲಿ ಕೈಯಿಂದ ಮಾಡಿದ ಪ್ರತಿ ವಸ್ತುವಿನ ಮೂಲೆಗೂ ಇಂಥ ಒಂದು ಲಾಡಿ ಇದೆ, ಮೇಲೆ ಹೆಸರು, ಇಸವಿ. “ಗೊತ್ತಾದಾಗ ಹೊಲಿ” ಅಂದು ಹತ್ತಿಕೊಂಡು ಹೋದರು.

ಲಾಡಿ ಈಗ ಕಡ್ಡಿಯ ಡಬ್ಬಿಯಲ್ಲಿದೆ. ಟೊಪಗಿ ಅರ್ಧ ಆಗಿದೆ, ಕಿವಿ ಮುಚ್ಚುವಷ್ಟು.

ಇವತ್ತು ಬೆಳಿಗ್ಗೆ ಅವ್ವನ ವಾಯ್ಸ್ ಮೆಸೇಜ್ ಬಂತು. ತಾನಾಗಿಯೇ ಬ್ರಹ್ಮಪುರದ ಹಳೇ ಓಣಿಗೆ ಹೋಗಿದ್ದಳಂತೆ, ಆಟೋ ಮಾಡಿಕೊಂಡು, ಆ ಬಿಸಿಲಲ್ಲಿ.

“ಎದುರು ಮನಿಯಾಕಿನೂ ಕೌದಿಯಾಕಿ ಅಂತಲೇ ಅನ್ನಲಕತ್ತಾಳ. ಬಾವಿಕಟ್ಟಿ ಮನಿ ಕಾಕುಗ ಗೊತ್ತಿರ್ಬೇಕು, ಅಕಿ ಮಗಳ ಮನಿಗಿ ಬೀದರಕ್ಕ ಹೋಗ್ಯಾಳ. ಬಂದಮ್ಯಾಲ ಕೇಳ್ತೀನಿ, ತಡಿ.” ಆಮೇಲೆ ಸ್ವಲ್ಪ ಬಿಟ್ಟು, “ಹಂಗೇ, ಟೊಪಗಿ ಯಾವ ಬಣ್ಣದ್ದು ಅಂತ ಹೇಳಲೇ ಇಲ್ಲ ನೀ.”